ಓದುಗರು ಕೇಳಿದ್ದು: ಬೊರೊಡಿನೊ ಕದನದ ಒಳಹೊರಗು

ನೆಪೋಲಿಯನ್ 1812ರಲ್ಲಿ ರಷ್ಯಾದ ಮೇಲೆ ದಂಡೆತ್ತಿ ಹೋದ ಕುರಿತು ಲೇಖನ ಪ್ರಕಟವಾದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದಿನದ ಬಗ್ಗೆ ಇವೆ. ಅದು ಸೆಪ್ಟೆಂಬರ್ 7, ಮಾಸ್ಕೋದಿಂದ ಸುಮಾರು 120 ಕಿ.ಮೀ. ಪಶ್ಚಿಮಕ್ಕಿರುವ ಬೊರೊಡಿನೊ ಹಳ್ಳಿಯ ಬಯಲಿನಲ್ಲಿ ಕದನ ನಡೆದ ದಿನ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಬೊರೊಡಿನೊದಲ್ಲಿ ಒಂದೇ ದಿನ 70,000 ಮಂದಿ ಸತ್ತರು ಎಂದು ಒಂದು ಕಡೆ ಓದಿದೆ. ಸತ್ತವರು ಅದರ ಅರ್ಧದಷ್ಟೂ ಇಲ್ಲ ಎಂದು ಇನ್ನೊಂದು ಕಡೆ ಇದೆ. ಯಾವುದನ್ನು ನಂಬಬೇಕು?

ಉತ್ತರ: ಎರಡನೆಯದನ್ನು. 70,000 ಎಂಬುದು ಸತ್ತವರು, ಗಾಯಗೊಂಡವರು, ಸೆರೆ ಸಿಕ್ಕವರು, ಕಾಣೆಯಾದವರು ಎಲ್ಲರನ್ನೂ ಸೇರಿಸಿದ ಲೆಕ್ಕ. ಸೈನ್ಯದ ಭಾಷೆಯಲ್ಲಿ 'ನಷ್ಟ' ಅಂದರೆ ಮರುದಿನ ಹಾಜರಿ ಕೂಗಿದಾಗ ಸಾಲಿನಲ್ಲಿ ಇಲ್ಲದವನು. ಅವನು ಸತ್ತಿರಬಹುದು, ಗಾಡಿಯಲ್ಲಿ ನರಳುತ್ತಿರಬಹುದು, ಕಾಡಿನಲ್ಲಿ ದಾರಿ ತಪ್ಪಿರಬಹುದು.

ಫ್ರೆಂಚರ ಕಡೆಯ ನಷ್ಟವನ್ನು 28,000ದಿಂದ 35,000ದವರೆಗೆ ಹೇಳುತ್ತಾರೆ. 28,000 ಎಂಬ ಕೆಳಗಿನ ಅಂಕಿ ಫ್ರೆಂಚ್ ಸೇನೆಯ ತಪಾಸಣಾಧಿಕಾರಿಗಳದ್ದು. ಅದರಲ್ಲಿ ಸ್ಥಳದಲ್ಲೇ ಸತ್ತವರು ಸುಮಾರು 6,500, ಉಳಿದವರು ಗಾಯಾಳುಗಳು. ರಷ್ಯನ್ನರ ನಷ್ಟ 40,000ದಿಂದ 45,000 ಎಂಬುದು ಹೆಚ್ಚಿನವರು ಒಪ್ಪುವ ಅಂದಾಜು. ಅಂಕಿಗಳು ಹೀಗೆ ಹಿಗ್ಗಿ ಕುಗ್ಗುವುದಕ್ಕೆ ಕಾರಣಗಳಿವೆ. ಹಾಜರಿ ಪುಸ್ತಕ ಬರೆಯಬೇಕಾದ ಅಧಿಕಾರಿಯೇ ಎಷ್ಟೋ ತುಕಡಿಗಳಲ್ಲಿ ಸತ್ತಿದ್ದ. ರಷ್ಯಾದ ಜಮೀನ್ದಾರರು ಕಳಿಸಿದ್ದ ರೈತಾಳುಗಳ ಪಡೆಯನ್ನು ಕೆಲವರು ಲೆಕ್ಕಕ್ಕೆ ಹಿಡಿಯುತ್ತಾರೆ, ಕೆಲವರು ಬಿಡುತ್ತಾರೆ. ಎರಡು ದಿನ ಮೊದಲು, ಸೆಪ್ಟೆಂಬರ್ 5ರಂದು, ರಷ್ಯನ್ನರ ಸಾಲಿನ ಮುಂದಿದ್ದ ಶೆವಾರ್ದಿನೊ ದಿಬ್ಬಕ್ಕಾಗಿ ನಡೆದ ಕಾಳಗದ ನಷ್ಟವನ್ನು ಒಮ್ಮೊಮ್ಮೆ ಇದಕ್ಕೇ ಸೇರಿಸಿಬಿಡುತ್ತಾರೆ. ಗಾಯಾಳುಗಳಲ್ಲಿ ಎಷ್ಟೋ ಜನ ಮುಂದಿನ ವಾರಗಳಲ್ಲಿ ತೀರಿಕೊಂಡರು. ಅವರು ಯಾವ ಕಾಲಂನಲ್ಲೂ 'ಸತ್ತವರು' ಎಂದು ದಾಖಲಾಗಲಿಲ್ಲ.

ಅತಿ ಕಡಿಮೆ ಅಂದಾಜನ್ನೇ ಹಿಡಿದರೂ, ಅಂದಿನ ಯುದ್ಧಗಳಲ್ಲಿ ಒಂದೇ ಹಗಲಿನಲ್ಲಿ ಇಷ್ಟು ರಕ್ತ ಹರಿದದ್ದು ಬೇರೆ ಕಡೆ ಇಲ್ಲ. 1813ರ ಲೈಪ್ಜಿಗ್ ಕದನದ ಒಟ್ಟು ನಷ್ಟ ಇದಕ್ಕಿಂತ ಹೆಚ್ಚು. ಆದರೆ ಅದು ನಡೆದದ್ದು ನಾಲ್ಕು ದಿನ.

ಪ್ರಶ್ನೆ: ಕದನದ ನಕ್ಷೆ ನೋಡಿದರೆ ಬಾಣಗಳು, ಚೌಕಗಳು ಬಿಟ್ಟು ಏನೂ ತಿಳಿಯುವುದಿಲ್ಲ. ಎಲ್ಲಿಂದ ಶುರುಮಾಡಬೇಕು? ಅಷ್ಟೊಂದು ಜನ ಸತ್ತದ್ದಕ್ಕೂ ನೆಲಕ್ಕೂ ಸಂಬಂಧವಿದೆಯೇ?

ಉತ್ತರ: ಸಂಬಂಧ ಬಹಳ ಇದೆ. ನಕ್ಷೆಯನ್ನು ಬದಿಗಿಟ್ಟು, ಖಾಲಿ ಹಾಳೆಯಲ್ಲಿ ನೀವೇ ಗೆರೆ ಎಳೆಯುತ್ತ ಬನ್ನಿ. ಮೊದಲು ಕೊಲೊಚಾ ಹೊಳೆ: ಹಾಳೆಯ ಎಡ ಕೆಳಮೂಲೆಯಿಂದ ಬಲ ಮೇಲ್ಮೂಲೆಗೆ ಓರೆಯಾಗಿ. ಬಳಿಕ ಹೊಸ ಸ್ಮೊಲೆನ್ಸ್ಕ್ ರಸ್ತೆ: ಎಡದಿಂದ ಬಲಕ್ಕೆ, ಹೊಳೆಯನ್ನು ದಾಟುವಂತೆ. ದಾಟುವ ಜಾಗದಲ್ಲಿ ಬೊರೊಡಿನೊ ಎಂದು ಬರೆಯಿರಿ. ಇದಕ್ಕೆ ನಾಲ್ಕೈದು ಕಿ.ಮೀ. ದಕ್ಷಿಣದಲ್ಲಿ ಕಾಡಿನ ನಡುವೆ ಹಳೆಯ ಸ್ಮೊಲೆನ್ಸ್ಕ್ ರಸ್ತೆ. ಅದರ ಮೇಲೆ ಉತಿತ್ಸಾ ಹಳ್ಳಿ. ಎರಡೂ ರಸ್ತೆಗಳು ಪೂರ್ವದಲ್ಲಿ ಮೊಝೈಸ್ಕ್ ಪಟ್ಟಣದಲ್ಲಿ ಕೂಡುತ್ತವೆ, ಅಲ್ಲಿಂದ ಮುಂದೆ ಮಾಸ್ಕೋ. ಈಗ ಬೊರೊಡಿನೊದ ಪೂರ್ವಕ್ಕೆ, ಮೇಲಿನಿಂದ ಕೆಳಕ್ಕೆ, ಗೊರ್ಕಿ ಹಳ್ಳಿ, ರಯೆವ್‌ಸ್ಕಿ ದಿಬ್ಬ (ಮೇಲೆ ಫಿರಂಗಿಗಳ ಮಣ್ಣಿನ ಕೋಟೆ), ಸೆಮ್ಯೊನೊವ್‌ಸ್ಕೊಯೆ ಹಳ್ಳಿ ಎಂದು ಚುಕ್ಕಿ ಇಟ್ಟು, ಸೆಮ್ಯೊನೊವ್‌ಸ್ಕೊಯೆಗೆ ತುಸು ಮುಂದೆ ಬಾಣದ ಮೊನೆಯಂತಹ ಮೂರು ಗುರುತು ಹಾಕಿ. ಅವೇ ರಷ್ಯನ್ ಸೇನಾನಿ ಬಗ್ರಾತಿಯೋನ್‌ನ ಮಣ್ಣಿನ ಕೋಟೆಗಳು.

ರಷ್ಯನ್ನರ ಸಾಲು ಸುಮಾರು 8 ಕಿ.ಮೀ. ಉದ್ದ. ಉತ್ತರದ ಅರ್ಧದಲ್ಲಿ ಬಾರ್ಕ್ಲೇ ಡಿ ಟೋಲಿಯ ಮೊದಲ ಸೇನೆ; ದಕ್ಷಿಣದಲ್ಲಿ ಅದಕ್ಕಿಂತ ಬಹಳ ಚಿಕ್ಕದಾದ ಬಗ್ರಾತಿಯೋನ್‌ನ ಎರಡನೇ ಸೇನೆ. ಉತ್ತರದಲ್ಲಿ ಹೊಳೆಯ ದಡ ಕಡಿದು, ಏರುವುದು ಕಷ್ಟ. ದಕ್ಷಿಣದಲ್ಲಿ ನೆಲ ಬಯಲು. ಶೆವಾರ್ದಿನೊ ಕೈತಪ್ಪಿದ ಮೇಲೆ ಎಡಗಡೆಯ ಸಾಲು ಹಿಂದಕ್ಕೆ ಬಾಗಿತ್ತು. ನೆಪೋಲಿಯನ್ ಉತ್ತರವನ್ನು ಹೆಚ್ಚುಕಡಿಮೆ ಖಾಲಿ ಬಿಟ್ಟು ಬೊರೊಡಿನೊದಿಂದ ಉತಿತ್ಸಾವರೆಗಿನ ನಾಲ್ಕೈದು ಕಿ.ಮೀ. ಜಾಗದಲ್ಲೇ ತನ್ನ ಇಡೀ ಬಲವನ್ನು ಒತ್ತಿದ. ಅವನ ಬಳಿ ಸುಮಾರು 1,30,000 ಜನ, 587 ಫಿರಂಗಿ. ಎದುರಿಗೆ ಅಷ್ಟೇ ಜನ, 600ಕ್ಕೂ ಹೆಚ್ಚು ಫಿರಂಗಿ.

ಇಷ್ಟು ಕಿರಿದಾದ ಜಾಗ, ಅದರ ಮೇಲೆ ರಷ್ಯನ್ನರು ನಿಂತ ರೀತಿ. ಸಾಲಿನ ಹಿಂದೆ ಸಾಲು, ಅದರ ಹಿಂದೆ ಮೀಸಲು ಪಡೆ, ಎಲ್ಲವೂ ಒತ್ತೊತ್ತಾಗಿ, ಎಲ್ಲವೂ ಫ್ರೆಂಚ್ ಫಿರಂಗಿಯ ಅಳವಿನಲ್ಲೇ. ಮುಂದಿನ ಸಾಲನ್ನು ತಪ್ಪಿಸಿ ಹಾರಿದ ಗುಂಡು ಹಿಂದಿನ ಸಾಲಿಗೆ ಬೀಳುತ್ತಿತ್ತು. ಒಂದೇ ಒಂದು ಗುಂಡು ಹಾರಿಸದೆ ನಿಂತಲ್ಲೇ ಕರಗಿದ ರಷ್ಯನ್ ತುಕಡಿಗಳಿವೆ. ಸೈನಿಕರ ಕೆಚ್ಚನ್ನು ಹೊಗಳುವವರು ಅವರನ್ನು ಅಲ್ಲಿ ನಿಲ್ಲಿಸಿದ ತಪ್ಪನ್ನೂ ಹೇಳಬೇಕು. ಒಂದು ಕಿ.ಮೀ. ಹಿಂದೆ, ಇಳಿಜಾರಿನ ಮರೆಯಲ್ಲಿ ನಿಲ್ಲಿಸಿದ್ದರೆ ಅವರಲ್ಲಿ ಬಹಳ ಜನ ಉಳಿಯುತ್ತಿದ್ದರು.

ಪ್ರಶ್ನೆ: ಆ ಮೂರು ಮಣ್ಣಿನ ಕೋಟೆಗಳನ್ನು ಫ್ರೆಂಚರು ಹಿಡಿಯುವುದು, ಮತ್ತೆ ಕಳೆದುಕೊಳ್ಳುವುದು ಹಲವು ಸಲ ನಡೆಯಿತಂತೆ. ಹಿಡಿದ ಕೋಟೆಯನ್ನು ಉಳಿಸಿಕೊಳ್ಳಲು ಏಕೆ ಆಗಲಿಲ್ಲ?

ಉತ್ತರ: ಕೋಟೆಯ ಕಟ್ಟಡವೇ ಹಾಗಿತ್ತು. ಬಾಣದ ಮೊನೆ ಶತ್ರುವಿನ ಕಡೆಗೆ, ಹಿಂಬದಿ ಪೂರ್ತಿ ತೆರವು. ಫ್ರೆಂಚರು ಒಳನುಗ್ಗಿದರೆ ಹಿಂದೆ ನಿಂತ ರಷ್ಯನ್ನರ ಗುಂಡಿಗೆ ಅವರಿಗೆ ಮರೆಯೇ ಇರುತ್ತಿರಲಿಲ್ಲ. ಕಟ್ಟಿದವರಿಗೆ ಬೇಕಾದದ್ದೂ ಅದೇ. ಜೊತೆಗೆ ಅವಸರದಲ್ಲಿ ಎತ್ತಿದ ಸಡಿಲ ಮಣ್ಣು. ಒಂದೆರಡು ಗಂಟೆಯ ಗುಂಡಿನೇಟಿಗೆ ಗೋಡೆ ಜರಿದು ಕಂದಕ ತುಂಬಿಕೊಂಡಿತು. ಆಮೇಲೆ ಅದು ಯಾರಿಗೂ ಆಸರೆಯಾಗಲಿಲ್ಲ.

ಫ್ರೆಂಚರ ಆರಂಭವೂ ಎಡವಿತ್ತು. ಬೆಳಿಗ್ಗೆ ಆರರ ಸುಮಾರಿಗೆ ನೂರಕ್ಕೂ ಹೆಚ್ಚು ಫಿರಂಗಿಗಳು ಈ ಕೋಟೆಗಳ ಮೇಲೆ ಗುಂಡಿಡಲು ತೊಡಗಿದಾಗ, ರಾತ್ರಿಯ ಕತ್ತಲಲ್ಲಿ ಹೂಡಿದ್ದ ಆ ಫಿರಂಗಿಗಳು ತೀರಾ ದೂರವಾದದ್ದು ತಿಳಿಯಿತು. ಗುಂಡು ಗುರಿ ಮುಟ್ಟುತ್ತಿರಲಿಲ್ಲ. ಎಲ್ಲವನ್ನೂ ರಷ್ಯನ್ನರ ಕಣ್ಣೆದುರೇ ಮುಂದಕ್ಕೆ ಎಳೆದು ಮತ್ತೆ ಹೂಡಬೇಕಾಯಿತು.

ದಾಳಿಯ ಮುಂಚೂಣಿಯಲ್ಲಿದ್ದ ಡಿವಿಷನ್ನಿನ ನಾಯಕ ಕಾಂಪಾನ್ ಗಾಯಗೊಂಡ. ಅವನ ಜಾಗಕ್ಕೆ ಬಂದ ರ‍್ಯಾಪ್ ಗಾಯಗೊಂಡ. ದಂಡಿನ ಮುಖ್ಯಸ್ಥ ದಾವೂ ಕೂತಿದ್ದ ಕುದುರೆ ಗುಂಡಿಗೆ ಸತ್ತು, ಅವನು ಕೆಳಗೆ ಬಿದ್ದು ಸ್ವಲ್ಪ ಹೊತ್ತು ಪ್ರಜ್ಞೆ ತಪ್ಪಿದ. ಆಜ್ಞೆ ಕೊಡುವವರು ಹೀಗೆ ಒಬ್ಬೊಬ್ಬರಾಗಿ ಉರುಳುವಾಗ ಹಿಡಿದ ಜಾಗವನ್ನು ಭದ್ರಪಡಿಸುವ ಕೆಲಸ ನಡೆಯುವುದಿಲ್ಲ. ರಷ್ಯನ್ನರ ಕಡೆಯೂ ಅದೇ ಕಥೆ: ಬಗ್ರಾತಿಯೋನ್‌ನ ಕಾಲಿಗೆ ಸಿಡಿಗುಂಡಿನ ಚೂರು ಬಡಿದು ಅವನನ್ನು ಹೊತ್ತು ಒಯ್ದ ಮೇಲೆಯೇ ಅಲ್ಲಿನ ಸಾಲು ಕದಲಿದ್ದು.

ಪ್ರಶ್ನೆ: ಆ ಕಾಲದ ಕೋವಿಯಲ್ಲಿ ಗುರಿ ಸಿಗುತ್ತಿರಲಿಲ್ಲ ಎನ್ನುತ್ತಾರೆ. ಹಾಗಿದ್ದರೆ ಇಷ್ಟು ಜನರನ್ನು ಕೊಂದದ್ದು ಯಾವುದು?

ಉತ್ತರ: ಮುಖ್ಯವಾಗಿ ಫಿರಂಗಿ. ಆದರೂ ಕೋವಿಯ ವಿಷಯ ಮೊದಲು ನೋಡೋಣ.

ಫ್ರೆಂಚ್ ಸೈನಿಕನ ಕೈಯಲ್ಲಿದ್ದದ್ದು 1777ರ ಮಾದರಿಯ ಕೋವಿ, ನಳಿಗೆಯ ಅಗಲ 17.5 ಮಿ.ಮೀ. ತೋಟಾ ಎಂದರೆ ಕಾಗದದ ಸುರುಳಿ, ಒಳಗೆ ಮದ್ದು ಮತ್ತು ಸೀಸದ ಗುಂಡು. ಸುರುಳಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹರಿದು, ಚಿಟಿಕೆಯಷ್ಟು ಮದ್ದನ್ನು ಕೋವಿಯ ಪಕ್ಕದ ಪುಟ್ಟ ಬಟ್ಟಲಿಗೆ ಹಾಕಿ ಮುಚ್ಚಬೇಕು. ಕೋವಿಯನ್ನು ನೆಟ್ಟಗೆ ನಿಲ್ಲಿಸಿ ಉಳಿದ ಮದ್ದನ್ನು ನಳಿಗೆಗೆ ಸುರಿದು, ಗುಂಡನ್ನೂ ಕಾಗದವನ್ನೂ ಇಳಿಸಿ, ಕಬ್ಬಿಣದ ಸಲಾಕೆಯಿಂದ ಜಡಿಯಬೇಕು. ಸಲಾಕೆಯನ್ನು ಅದರ ಜಾಗಕ್ಕೆ ಸೇರಿಸಿ, ಚಕಮಕಿ ಕಲ್ಲು ಕಚ್ಚಿಸಿದ ಸುತ್ತಿಗೆಯನ್ನು ಹಿಂದಕ್ಕೆಳೆದು, ಭುಜಕ್ಕೆ ಆನಿಸಿ ಹೊಡೆಯಬೇಕು. ಪಳಗಿದವನು ನಿಮಿಷಕ್ಕೆ ಎರಡು, ಹೆಚ್ಚೆಂದರೆ ಮೂರು ಸಲ ಹೊಡೆದಾನು. ಇದೆಲ್ಲ ನಿಂತೇ ಆಗಬೇಕಾದ ಕೆಲಸ. ಹಾಗಾಗಿ ನೆಲಕ್ಕೆ ಮಲಗಿ ಜೀವ ಉಳಿಸಿಕೊಳ್ಳುವ ದಾರಿ ಸಾಲಿನಲ್ಲಿ ನಿಂತವನಿಗೆ ಇರಲಿಲ್ಲ.

ಕೈಕೊಡುವುದಕ್ಕೆ ಜಾಗಗಳು ಹಲವು. ಕಲ್ಲು ಸವೆದರೆ ಕಿಡಿ ಏಳದು. ಬಟ್ಟಲಿನ ಮದ್ದು ಭುಗ್ಗೆಂದು ಉರಿದು ನಳಿಗೆಯೊಳಗಿನದು ಹೊತ್ತದೆ ಉಳಿಯಬಹುದು. ಸುತ್ತಲಿನ ಗದ್ದಲದಲ್ಲಿ ಅದು ಗೊತ್ತಾಗದೆ ಇನ್ನೊಂದು ತೋಟಾ ಅದರ ಮೇಲೇ ತುಂಬಿದರೆ ಕೋವಿ ಒಡೆಯುವ ಅಪಾಯ. ಗಾಬರಿಯಲ್ಲಿ ಸಲಾಕೆಯನ್ನು ನಳಿಗೆಯಲ್ಲೇ ಮರೆತು ಹೊಡೆದರೆ ಅದು ಹಾರಿಹೋಗುತ್ತದೆ, ಆಮೇಲೆ ತುಂಬುವುದಕ್ಕೆ ಉಪಾಯವಿಲ್ಲ. ಕಪ್ಪು ಮದ್ದಿನ ಮಸಿ ಕಟ್ಟಿದಷ್ಟೂ ಗುಂಡು ಒಳಗಿಳಿಯದು. ನೂರು ಮೀಟರ್ ದಾಟಿದರೆ ಒಬ್ಬ ಮನುಷ್ಯನಿಗೆ ಗುರಿಯಿಡುವುದು ವ್ಯರ್ಥ. ಫ್ರೆಂಚರು ಅಂದು 14 ಲಕ್ಷ ತೋಟಾ ಸುಟ್ಟರು ಎಂಬುದು ಸಾಮಾನ್ಯವಾಗಿ ಕೊಡುವ ಅಂಕಿ. ರಷ್ಯನ್ನರ ನಷ್ಟವೆಲ್ಲ ಕೋವಿಯಿಂದಲೇ ಆಯಿತು ಎಂದುಕೊಂಡರೂ ಒಬ್ಬನನ್ನು ಉರುಳಿಸಲು ಮೂವತ್ತಕ್ಕೂ ಹೆಚ್ಚು ತೋಟಾ ಬೇಕಾಯಿತು ಎಂದಾಗುತ್ತದೆ.

ಫಿರಂಗಿಯ ಲೆಕ್ಕವೇ ಬೇರೆ. ಫ್ರೆಂಚರು ಹಾರಿಸಿದ ಫಿರಂಗಿ ಗುಂಡುಗಳು ಸುಮಾರು 60,000. ಹತ್ತು ಗಂಟೆಗೆ ಹಂಚಿದರೆ ನಿಮಿಷಕ್ಕೆ ನೂರು, ಅದೂ ಒಂದೇ ಕಡೆಯದು. 12 ಪೌಂಡರ್ ಫಿರಂಗಿಯ ಗುಂಡು ಸುಮಾರು 6 ಕಿಲೋ ತೂಕದ ಗಟ್ಟಿ ಕಬ್ಬಿಣ. ಅದು ಸಿಡಿಯುವುದಿಲ್ಲ, ಗಟ್ಟಿ ನೆಲಕ್ಕೆ ಬಡಿದು, ಪುಟಿದು, ಮತ್ತೆ ಪುಟಿದು, ಅಡ್ಡ ಬಂದ ಇಡೀ ಸಾಲನ್ನು ಸೀಳಿಕೊಂಡು ಹೋಗುತ್ತದೆ. ಕೊನೆಗೆ ಉರುಳುತ್ತಿರುವಾಗಲೂ ಅಡ್ಡ ಕಾಲಿಟ್ಟರೆ ಪಾದ ಹೋಗುತ್ತದೆ. ಶತ್ರು ಐದಾರು ನೂರು ಮೀಟರ್ ಒಳಗೆ ಬಂದರೆ ಚರೆ: ತಗಡಿನ ಡಬ್ಬಿಯಲ್ಲಿ ತುಂಬಿದ ಕಬ್ಬಿಣದ ಉಂಡೆಗಳು ಬಾಯಿಂದ ಹೊರಬೀಳುತ್ತಲೇ ಬೀಸಣಿಗೆಯಂತೆ ಹರಡುತ್ತವೆ. ಕೋಟೆಗಳ ಮುಂದೆ ಹೆಣಗಳ ರಾಶಿ ಬಿದ್ದದ್ದು ಮುಖ್ಯವಾಗಿ ಇದರಿಂದ.

ಫಿರಂಗಿಯ ಕೆಲಸಕ್ಕೂ ಒಂದು ಕ್ರಮವಿತ್ತು. ಹೊಡೆದ ಕೂಡಲೇ ಒದ್ದೆ ಕುಂಚ ಹಾಕಿ ನಳಿಗೆ ತೊಳೆಯಬೇಕು. ಒಳಗೆ ಒಂದು ಕೆಂಡ ಉಳಿದರೂ ಮುಂದಿನ ಮದ್ದಿನ ಚೀಲ ತಳ್ಳುವಾಗಲೇ ಹೊತ್ತಿ, ತುಂಬುವವನ ಕೈಗಳನ್ನು ಕಿತ್ತೊಗೆಯುತ್ತದೆ. ಚೀಲ ಇಳಿದ ಮೇಲೆ ಹಿಂದಿನ ಕಿಂಡಿಯಿಂದ ಮುಳ್ಳು ಚುಚ್ಚಿ ಅದನ್ನು ತೂತುಮಾಡಿ, ಕಿಂಡಿಗೆ ಬತ್ತಿಯಿಟ್ಟು ಕಿಚ್ಚು ಮುಟ್ಟಿಸಬೇಕು. ಹೊಡೆತಕ್ಕೆ ಫಿರಂಗಿ ಹಿಂದಕ್ಕೆ ಹಾರುತ್ತದೆ. ಪ್ರತಿ ಸಲವೂ ತಳ್ಳಿ ಮೊದಲಿನ ಜಾಗಕ್ಕೆ ತಂದು ಮತ್ತೆ ಗುರಿ ಹಿಡಿಯಬೇಕು. ಹೊಗೆ ಕವಿದ ಮೇಲೆ ಗುರಿ ಎಂಬುದು ಎದುರಿನ ಫಿರಂಗಿಯ ಮಿಂಚು ಮಾತ್ರ.

ಪ್ರಶ್ನೆ: ನೆಪೋಲಿಯನ್ ತನ್ನ ಖಾಸಾ ಪಡೆಯನ್ನು ಕಣಕ್ಕಿಳಿಸಿದ್ದರೆ ರಷ್ಯನ್ ಸೇನೆ ಅಂದೇ ಮುಗಿದುಹೋಗುತ್ತಿತ್ತಲ್ಲವೇ?

ಉತ್ತರ: ಎರಡು ಶತಮಾನದಿಂದ ಎಲ್ಲರೂ ಕೇಳುತ್ತಿರುವ ಪ್ರಶ್ನೆ. ನಮ್ಮ ಅಭಿಪ್ರಾಯದಲ್ಲಿ ಅವನ ದೊಡ್ಡ ತಪ್ಪು ಅದಲ್ಲ, ಹಿಂದಿನ ದಿನದ್ದು. ಸೆಪ್ಟೆಂಬರ್ 6ರಂದು ದಾವೂ ಒಂದು ಯೋಜನೆ ಮುಂದಿಟ್ಟಿದ್ದ: ತನ್ನ ದಂಡು ಮತ್ತು ಪೊನಿಯಾಟೊವ್‌ಸ್ಕಿಯ ಪೋಲಿಷ್ ದಂಡು ರಾತ್ರಿಯಲ್ಲೇ ದಕ್ಷಿಣದ ಕಾಡನ್ನು ಬಳಸಿಕೊಂಡು ಹೋಗಿ, ಬೆಳಿಗ್ಗೆ ರಷ್ಯನ್ನರ ಎಡಪಕ್ಕೆಯ ಹಿಂದೆ ಎದ್ದು ನಿಲ್ಲುವುದು. ನೀವು ಎಳೆದ ನಕ್ಷೆಯಲ್ಲಿ ಉತಿತ್ಸಾದ ಸುತ್ತ ಒಂದು ಕೊಕ್ಕೆ ಬರೆದು ನೋಡಿ, ಅದರ ತುದಿ ಎಲ್ಲಿಗೆ ಬರುತ್ತದೆಂದು ಕಾಣುತ್ತದೆ. ನೆಪೋಲಿಯನ್ ಬೇಡವೆಂದ. ಜೂನ್ 24ರಂದು ನೀಮನ್ ನದಿ ದಾಟಿದಂದಿನಿಂದ ರಷ್ಯನ್ನರು ಕೈಗೆ ಸಿಗದೆ ಹಿಂದೆ ಸರಿಯುತ್ತಲೇ ಇದ್ದರು. ಪಕ್ಕೆಗೆ ಹೊಂಚು ಹಾಕಿದ್ದು ಗೊತ್ತಾದರೆ ಮತ್ತೆ ಜಾರಿಕೊಳ್ಳುತ್ತಾರೆಂಬ ಭಯ ಅವನಿಗಿತ್ತು. ಕೊನೆಗೆ ಪೊನಿಯಾಟೊವ್‌ಸ್ಕಿಯೊಬ್ಬನೇ ಸಣ್ಣ ದಂಡಿನೊಂದಿಗೆ ಆ ದಾರಿ ಹಿಡಿದು ಉತಿತ್ಸಾದಲ್ಲಿ ಸಿಕ್ಕಿಕೊಂಡ. ಉಳಿದವರೆಲ್ಲ ಎದುರಿನಿಂದಲೇ ಹೋದರು.

ಈಗ ಖಾಸಾ ಪಡೆ. ಸುಮಾರು 18,000 ಜನ ದಿನವಿಡೀ ಕಾದು ನಿಂತಿದ್ದರು. ಅವರ ಫಿರಂಗಿಗಳು ಮಾತ್ರ ಕೆಲಸಮಾಡಿದವು. ಮಧ್ಯಾಹ್ನದ ಹೊತ್ತಿಗೆ ಸೆಮ್ಯೊನೊವ್‌ಸ್ಕೊಯೆ ಬಿದ್ದಾಗ ಫ್ರೆಂಚ್ ದಂಡನಾಯಕರಾದ ನೇ ಮತ್ತು ಮ್ಯೂರಾ ಹೊಸ ಪಡೆ ಬೇಕೆಂದು ಕೇಳಿಕಳಿಸಿದರು. ಆಗ ಇಳಿಸಿದ್ದರೆ ರಷ್ಯನ್ನರ ಎಡಭಾಗ ಪೂರ್ತಿ ಮುರಿಯುವ ಸಾಧ್ಯತೆ ಇತ್ತು. ಆದರೆ ನೆಪೋಲಿಯನ್ ಶೆವಾರ್ದಿನೊ ದಿಬ್ಬದ ಬಳಿ, ಹೊಗೆಯಾಚೆಗೆ ಏನೂ ಕಾಣದ ಜಾಗದಲ್ಲಿದ್ದ. ನೆಗಡಿ ಜ್ವರ, ಮೂತ್ರದ ತೊಂದರೆ ಬೇರೆ. ತನ್ನ ರಾಜ್ಯದಿಂದ ಇಷ್ಟು ದೂರದಲ್ಲಿ ಕೊನೆಯ ಮೀಸಲನ್ನು ಪಣಕ್ಕಿಡಲು ಅವನು ಒಪ್ಪಲಿಲ್ಲ. ಮುಂದೆ ಮಾಸ್ಕೋದಿಂದ ಹಿಂದಿರುಗುವಾಗ ಕೊನೆಯವರೆಗೂ ಶಿಸ್ತು ಕಾಯ್ದುಕೊಂಡ ಪಡೆಗಳಲ್ಲಿ ಇದೇ ಮುಖ್ಯ ಎಂಬುದನ್ನೂ ನೆನಪಿಡಬೇಕು.

ಪ್ರಶ್ನೆ: ರಷ್ಯನ್ ಸೇನೆಯ ಮುಖ್ಯ ದಂಡನಾಯಕ ಕುಟುಜೋವ್ ತಪ್ಪು ಮಾಡಲಿಲ್ಲವೇ? ಅವನನ್ನು ಹೊಗಳುವವರೇ ಹೆಚ್ಚು.

ಉತ್ತರ: ಮಾಡಿದ. ಯಾರೂ ದಾಳಿಯಿಡದ ಬಲಭಾಗದಲ್ಲಿ ಅಷ್ಟು ದೊಡ್ಡ ಬಲವನ್ನು ಕೂಡಿಸಿಟ್ಟು, ಕದನ ಕಾವೇರಿದ ಮೇಲೆ ಬಗೊವುತ್‌ನ ದಂಡನ್ನು, ಆಮೇಲೆ ಓಸ್ಟರ್‌ಮನ್-ಟಾಲ್‌ಸ್ಟಾಯ್‌ನ ದಂಡನ್ನು ಕಿಲೋಮೀಟರುಗಟ್ಟಲೆ ನಡೆಸಿ ದಕ್ಷಿಣಕ್ಕೂ ನಡುಭಾಗಕ್ಕೂ ತರಬೇಕಾಯಿತು. ಅವನಿದ್ದದ್ದು ಗೊರ್ಕಿಯ ಕಡೆ. ಕಣದ ನಡುವೆ ನಿಂತು ನಡೆಸಿದವರು ಬಾರ್ಕ್ಲೇ ಮತ್ತು ಬಗ್ರಾತಿಯೋನ್. ವಿದೇಶಿ ಹೆಸರಿನವನೆಂದು, ಹಿಮ್ಮೆಟ್ಟುವವನೆಂದು ಜನರಿಂದ ಬೈಸಿಕೊಂಡಿದ್ದ ಬಾರ್ಕ್ಲೇ ಅಂದು ಅಪಾಯದ ಜಾಗಗಳಲ್ಲೇ ಓಡಾಡಿದ. ಅವನ ಕೆಳಗೆ ಹಲವು ಕುದುರೆಗಳು ಸತ್ತವು. ಅವನಿಗೆ ಸಲ್ಲಬೇಕಾದ ಗೌರವ ಇಂದಿಗೂ ಪೂರ್ತಿ ಸಂದಿಲ್ಲ.

ರಷ್ಯನ್ನರ ಮೀಸಲು ಫಿರಂಗಿಗಳದ್ದು ಇನ್ನೊಂದು ನಷ್ಟ. ಫಿರಂಗಿ ದಳದ ಮುಖ್ಯಸ್ಥ ಕುತೈಸೊವ್ ಇನ್ನೂ ಮೂವತ್ತು ದಾಟದ ತರುಣ. ಬೆಳಿಗ್ಗೆ ರಯೆವ್‌ಸ್ಕಿ ದಿಬ್ಬವನ್ನು ಫ್ರೆಂಚರು ಹಿಡಿದಾಗ, ಸೇನಾನಿ ಯೆರ್ಮೊಲೊವ್ ಜೊತೆ ತಾನೇ ಪ್ರತಿದಾಳಿಗೆ ನುಗ್ಗಿದ. ದಿಬ್ಬ ಮರಳಿ ಸಿಕ್ಕಿತು, ಕುತೈಸೊವ್ ಸತ್ತ. ಅವನ ಶವವೂ ಸಿಗಲಿಲ್ಲ. ಹಿಂದೆ ಪ್ಸಾರೆವೊದಲ್ಲಿ ಸಾಲಾಗಿ ನಿಂತಿದ್ದ ಮೀಸಲು ಫಿರಂಗಿಗಳನ್ನು ಎಲ್ಲಿ, ಯಾವಾಗ ಬಳಸಬೇಕೆಂದು ಹೇಳುವವರು ಆಮೇಲೆ ಇರಲಿಲ್ಲ. ಒಟ್ಟು ಸಂಖ್ಯೆಯಲ್ಲಿ ಹೆಚ್ಚಿದ್ದರೂ ನಿರ್ಣಾಯಕ ಜಾಗದಲ್ಲಿ ರಷ್ಯನ್ ಫಿರಂಗಿಗಳು ಕಡಿಮೆ ಬಿದ್ದದ್ದು ಹೀಗೆ.

ಒಂದು ನಡೆ ಮಾತ್ರ ಫಲಿಸಿತು. ಉವಾರೊವ್‌ನ ಅಶ್ವದಳ ಮತ್ತು ಪ್ಲಾತೊವ್‌ನ ಕೊಸಾಕರು ಉತ್ತರದಲ್ಲಿ ಹೊಳೆ ದಾಟಿ ಫ್ರೆಂಚರ ಎಡಪಕ್ಕೆಯಲ್ಲಿ ಕಾಣಿಸಿಕೊಂಡರು. ಕಾದಾಟ ಅಂಥದ್ದೇನೂ ಆಗಲಿಲ್ಲ. ಆದರೆ ದಿಬ್ಬದ ಮೇಲಿನ ಕೊನೆಯ ದಾಳಿ ಸುಮಾರು ಎರಡು ಗಂಟೆ ತಡವಾಯಿತು. ಮೂರು ಗಂಟೆಯ ಹೊತ್ತಿಗೆ ಫ್ರೆಂಚ್ ಪಡೆಯ ಭಾರಿ ಅಶ್ವದಳ ದಿಬ್ಬದ ಹಿಂಬದಿಯಿಂದ ಒಳನುಗ್ಗಿತು. ಅದರ ನಾಯಕ ಒಗುಸ್ತ್ ಕೊಲೆಂಕೂರ್ ಅಲ್ಲೇ ಸತ್ತ.

ಪ್ರಶ್ನೆ: ಗಾಯಾಳುಗಳಿಗೆ ಏನು ಚಿಕಿತ್ಸೆ ಸಿಗುತ್ತಿತ್ತು? ಎಲ್ಲರ ಕೈಕಾಲು ಕತ್ತರಿಸುತ್ತಿದ್ದರೆಂಬುದು ನಿಜವೇ?

ಉತ್ತರ: ಎಲ್ಲರದ್ದೂ ಅಲ್ಲ. ಆದರೆ ಮೂಳೆ ಪುಡಿಯಾದ ಕಾಲನ್ನು ಬಿಟ್ಟರೆ ಕೊಳೆತು ಸಾವು ಖಚಿತವೆಂದು ಆಗಿನ ವೈದ್ಯರಿಗೆ ಅನುಭವದಿಂದ ಗೊತ್ತಿತ್ತು. ಗುಂಡಿನ ಜೊತೆ ಬಟ್ಟೆಯ ಚೂರು, ಮಣ್ಣು ಒಳಗೆ ಹೋಗುತ್ತಿತ್ತು, ಸೋಂಕಿಗೆ ಮದ್ದಿರಲಿಲ್ಲ. ನೆಪೋಲಿಯನ್ ಸೇನೆಯ ಮುಖ್ಯ ಶಸ್ತ್ರವೈದ್ಯ ಲಾರೆ, ಕತ್ತರಿಸಬೇಕಾದ ಅಂಗವನ್ನು ಮೊದಲ 24 ಗಂಟೆಯಲ್ಲೇ ಕತ್ತರಿಸಬೇಕೆಂದು ವಾದಿಸಿದವನು. ಬೊರೊಡಿನೊದಲ್ಲಿ ಒಂದು ಹಗಲು ಒಂದು ರಾತ್ರಿಯಲ್ಲಿ ಸುಮಾರು 200 ಅಂಗಚ್ಛೇದ ಮಾಡಿದ. ಮೊದಲು ಗಾಯದ ಮೇಲ್ಭಾಗಕ್ಕೆ ಬಿಗಿಯಾದ ಪಟ್ಟಿ. ಚರ್ಮವನ್ನು ಸುತ್ತಲೂ ಕೊಯ್ದು ಮೇಲಕ್ಕೆಳೆದು, ಸ್ನಾಯು ಕೊಯ್ದು, ಮೂಳೆಯನ್ನು ಗರಗಸದಿಂದ ಕತ್ತರಿಸಿ, ರಕ್ತನಾಳಗಳನ್ನು ದಾರದಿಂದ ಕಟ್ಟುವುದು. ಅರಿವಳಿಕೆ ಇರಲಿಲ್ಲ; ಈಥರ್ ಬಳಕೆಗೆ ಬರಲು 1846 ಆಗಬೇಕಿತ್ತು. ಹಾಗಾಗಿ ಕೈ ಎಷ್ಟು ಚುರುಕಾದರೆ ಅಷ್ಟು ದಯೆ.

ಬಗ್ರಾತಿಯೋನ್ ಕಾಲು ಕತ್ತರಿಸಲು ಒಪ್ಪಲಿಲ್ಲ. 17 ದಿನಗಳ ಬಳಿಕ, ಸೆಪ್ಟೆಂಬರ್ 24ರಂದು, ಸಿಮಿ ಎಂಬ ಹಳ್ಳಿಯಲ್ಲಿ ಗಾಯ ಕೊಳೆತು ತೀರಿಕೊಂಡ. ಫ್ರೆಂಚರ ಗಾಯಾಳುಗಳನ್ನು ಕೊಲೊತ್‌ಸ್ಕಿ ಮಠದಲ್ಲಿ ತುಂಬಿದರು. ಅಲ್ಲಿ ಆಹಾರವೂ ಬ್ಯಾಂಡೇಜೂ ಸಾಲಲಿಲ್ಲ. ರಷ್ಯನ್ನರು ಸಾಧ್ಯವಾದವರನ್ನು ಗಾಡಿಗಳಲ್ಲಿ ಮೊಝೈಸ್ಕ್ ಮೂಲಕ ಮಾಸ್ಕೋಗೆ ಸಾಗಿಸಿದರು. ಅವರಲ್ಲಿ ಹಲವರು ನಗರ ತೆರವಾದಾಗ ಅಲ್ಲೇ ಉಳಿದು ನಗರಕ್ಕೆ ಬಿದ್ದ ಬೆಂಕಿಗೆ ಸಿಕ್ಕರು.

ಪ್ರಶ್ನೆ: ಕೊನೆಗೆ ಗೆದ್ದವರು ಯಾರು?

ಉತ್ತರ: ನೆಲ ಸಿಕ್ಕಿದ್ದು ಫ್ರೆಂಚರಿಗೆ. ಕುಟುಜೋವ್ ರಾತ್ರಿ ಹಿಂದೆ ಸರಿದ. ಸೆಪ್ಟೆಂಬರ್ 13ರಂದು ಫಿಲಿ ಹಳ್ಳಿಯಲ್ಲಿ ಸಭೆ ಸೇರಿ ಮಾಸ್ಕೋ ಬಿಟ್ಟುಕೊಡಲು ತೀರ್ಮಾನಿಸಿದ. ಮರುದಿನ ನೆಪೋಲಿಯನ್ ನಗರ ಹೊಕ್ಕ. ಆದರೆ ಅವನು ಬಯಸಿದ್ದು ನೆಲವನ್ನಲ್ಲ, ರಷ್ಯನ್ ಸೇನೆಯ ನಾಶವನ್ನು. ಅದು ಆಗಲಿಲ್ಲ. ರಷ್ಯನ್ನರಿಗೆ ಹೊಸ ಆಳುಗಳು, ಹೊಸ ಕುದುರೆಗಳು ಹಿಂದಿನ ಪ್ರಾಂತ್ಯಗಳಿಂದ ಬರುತ್ತಿದ್ದವು. ಫ್ರೆಂಚರಿಗೆ ಬರಬೇಕಾದ ದಾರಿ ನೂರಾರು ಕಿ.ಮೀ. ಉದ್ದ. ಅಶ್ವದಳದ ನಷ್ಟವನ್ನಂತೂ ಅವರು ತುಂಬಿಕೊಳ್ಳಲೇ ಇಲ್ಲ. ಅಕ್ಟೋಬರ್ 19ರಂದು ಮಾಸ್ಕೋ ಬಿಟ್ಟು, ಅದೇ ತಿಂಗಳ ಕೊನೆಯಲ್ಲಿ ಹಿಂದಿರುಗುವ ದಂಡು ಇದೇ ಬಯಲಿನ ಮೂಲಕ ಹಾದುಹೋದಾಗ ಹೆಣಗಳು ಇನ್ನೂ ಮಣ್ಣಾಗಿರಲಿಲ್ಲ.

ಪ್ರಶ್ನೆ: ಕದನದ ತಾರೀಖು ಒಂದು ಕಡೆ ಆಗಸ್ಟ್ 26, ಇನ್ನೊಂದು ಕಡೆ ಸೆಪ್ಟೆಂಬರ್ 7, ಮತ್ತೊಂದು ಕಡೆ ಸೆಪ್ಟೆಂಬರ್ 8 ಎಂದಿದೆ. ಏಕೆ?

ಉತ್ತರ: ರಷ್ಯಾದಲ್ಲಿ ಆಗ ಹಳೆಯ ಜೂಲಿಯನ್ ಪಂಚಾಂಗವಿತ್ತು, ಅದರಂತೆ ಆಗಸ್ಟ್ 26. 19ನೇ ಶತಮಾನದಲ್ಲಿ ಎರಡು ಪಂಚಾಂಗಗಳ ಅಂತರ 12 ದಿನ, ಹಾಗಾಗಿ ಸೆಪ್ಟೆಂಬರ್ 7 ಸರಿ. 1900ರ ನಂತರ ಅಂತರ 13 ದಿನವಾಯಿತು. ಹಳೆಯ ತಾರೀಖಿಗೆ ಈ 13ನ್ನು ಕೂಡಿಸಿದ್ದರಿಂದ ಇಂದಿನ ರಷ್ಯಾದ ಕಾನೂನಿನಲ್ಲಿ ಬೊರೊಡಿನೊ ಸ್ಮರಣೆಯ ದಿನ ಸೆಪ್ಟೆಂಬರ್ 8 ಎಂದಾಗಿದೆ. ಬಯಲಿನಲ್ಲಿ ಕದನವನ್ನು ಮರುನಟಿಸುವ ಕಾರ್ಯಕ್ರಮ ಸೆಪ್ಟೆಂಬರಿನ ಮೊದಲ ಭಾನುವಾರದಂದು ನಡೆಯುತ್ತದೆ.